ಬ್ಯಾಚ್ ಫೈಲಿನ ಹೆಸರಿನಲ್ಲಿ ದಿನಾಂಕ: ಪ್ರಶ್ನೋತ್ತರ

ರಾಯಚೂರಿನ ಸದಸ್ಯರು: ಮೇಡಂ, ದಿನವೂ ಓಡುವ ಜಾಬ್‌ನ ಔಟ್‌ಪುಟ್ ಫೈಲಿನ ಹೆಸರಿನಲ್ಲಿ ಆ ದಿನದ ದಿನಾಂಕ ತಾನಾಗಿಯೇ ಬರಬೇಕಾದರೆ ಜೆಸಿಎಲ್‌ನಲ್ಲಿ (ಮೇನ್‌ಫ್ರೇಮ್‌ಗೆ ಜಾಬ್ ಹೇಗೆ ಓಡಿಸಬೇಕೆಂದು ತಿಳಿಸುವ ಭಾಷೆ) ಏನು ಬರೆಯಬೇಕು?

ಮೇಡಂ: ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಆದ ಜೆಡ್/ಓಎಸ್‌ನ 2.1ರಿಂದ ಈಚೆಗೆ ಸಿಸ್ಟಂ ಸಿಂಬಲ್‌ಗಳನ್ನು (ದಿನಾಂಕದಂಥ ಬೆಲೆಯನ್ನು ಯಂತ್ರವೇ ತುಂಬುವ ಹೆಸರುಗಳು) ಜೆಸಿಎಲ್‌ನಲ್ಲೇ ಬಳಸಬಹುದು; ಆದರೆ ನಿಮ್ಮ ಜಾಬ್ ಕ್ಲಾಸ್‌ಗೆ ಜಾಬ್‌ಗಳನ್ನು ಸಾಲಿನಲ್ಲಿಟ್ಟು ಓಡಿಸುವ ಜೆಸ್2ರಲ್ಲಿ ‘ಸಿಸ್‌ಸಿಮ್=ಅಲೌ’ ಇರಬೇಕು. ಹೆಸರನ್ನು ‘ಪ್ರಾಡ್.ಡಿ&ಎಲ್‌ವೈವೈಎಂಎಂಡಿಡಿ..ಔಟ್’ ಎಂದು ಬರೆಯಿರಿ (‘ಎಲ್’ ಎಂದರೆ ಸ್ಥಳೀಯ ದಿನಾಂಕ). ಎರಡು ಚುಕ್ಕೆಗಳಲ್ಲಿ ಮೊದಲನೆಯದು ಸಿಂಬಲ್ ಮುಗಿಯಿತೆಂದು ತಿಳಿಸುವುದಕ್ಕೇ ಖರ್ಚಾಗುತ್ತದೆ. ಹೆಸರಿನ ಯಾವ ಭಾಗವೂ ಅಂಕಿಯಿಂದ ಆರಂಭವಾಗುವಂತಿಲ್ಲ, ಆದ್ದರಿಂದ ಮುಂದೆ ‘ಡಿ’ ಸೇರಿಸಿದ್ದೇನೆ.

ಸಿಂಧನೂರಿನ ಸದಸ್ಯರು: ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಹಾಕಬಹುದೇ?

ಮೇಡಂ: ಆಗದು. ‘ಡಿ’ ಸೇರಿ ಒಂಬತ್ತು ಅಕ್ಷರವಾಗುತ್ತದೆ, ಹೆಸರಿನ ಒಂದು ಭಾಗಕ್ಕೆ ಮಿತಿ ಎಂಟು.

ಗಂಗಾವತಿಯ ಸದಸ್ಯರು: ನಮ್ಮ ಜಾಬ್ ರಾತ್ರಿ 11ಕ್ಕೆ ಓಡುತ್ತದೆ. ಅದು ಬಿದ್ದು, ರಾತ್ರಿ 2ಕ್ಕೆ ಮತ್ತೆ ಸಬ್‌ಮಿಟ್ ಮಾಡಿದರೆ ಫೈಲಿನ ಹೆಸರು ಸರಿಯಾಗಿರುತ್ತದೆ. ಬೆಳಿಗ್ಗೆ 6ಕ್ಕೆ ಮಾಡಿದರೆ ಮರುದಿನದ ದಿನಾಂಕ ಬಂದು, ಮುಂದಿನ ಜಾಬ್ ಫೈಲ್ ಸಿಗದೆ ನಿಲ್ಲುತ್ತದೆ. ಯಂತ್ರ ಭಾರತದ ಸಮಯದಲ್ಲೇ ಇದೆ.

ಮೇಡಂ: ನಿಮ್ಮ ಜೆಸಿಎಲ್‌ನಲ್ಲಿ ‘ಎಲ್’ ಇಲ್ಲದ ‘&ವೈವೈಎಂಎಂಡಿಡಿ’ ಇರಬೇಕು, ನೋಡಿ. ಅದು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ದಿನಾಂಕ. ನಮ್ಮಲ್ಲಿ ಬೆಳಗಿನ 5:30ರವರೆಗೂ ಅಲ್ಲಿ ಹಿಂದಿನ ದಿನವೇ ಇರುತ್ತದೆ. ಹೀಗಾಗಿ 12ನೇ ತಾರೀಖಿನ ಲೆಕ್ಕವನ್ನು 13ರ ರಾತ್ರಿ 2ಕ್ಕೆ ಓಡಿಸಿದರೂ 12 ಎಂದೇ ಬರುತ್ತದೆ, 6ಕ್ಕೆ ಓಡಿಸಿದರೆ 13 ಆಗುತ್ತದೆ. ಇದುವರೆಗೆ ಹೆಸರು ಸರಿ ಬಂದದ್ದು ಕಾಕತಾಳೀಯ. ದಯವಿಟ್ಟು ಅವಸರದಲ್ಲಿ ‘ಎಲ್’ ಸೇರಿಸಬೇಡಿ, ಸೇರಿಸಿದರೆ ರಾತ್ರಿ 2ರ ಓಟವೂ ಕೆಡುತ್ತದೆ. ಜೆಸಿಎಲ್ ಕನ್ವರ್ಟ್ ಆಗುವಾಗಲೇ ಸಿಂಬಲ್‌ಗೆ ಬೆಲೆ ಬೀಳುವುದರಿಂದ, ಮತ್ತೆ ಸಬ್‌ಮಿಟ್ ಮಾಡಿದಾಗಲೆಲ್ಲ ಆ ಹೊತ್ತಿನ ದಿನಾಂಕವೇ ಬರುತ್ತದೆ. ಹಣದ ಲೆಕ್ಕದ ಫೈಲಿಗೆ ಬೇಕಾದದ್ದು ಗಡಿಯಾರದ ದಿನಾಂಕವಲ್ಲ, ವ್ಯವಹಾರದ ದಿನಾಂಕ. ಜಾಬ್‌ಗಳ ವೇಳಾಪಟ್ಟಿ ನೋಡಿಕೊಳ್ಳುವ ಕಂಟ್ರೋಲ್-ಎಂ ತಂತ್ರಾಂಶ ಇದ್ದರೆ ‘%%ಓಡೇಟ್’ (ಜಾಬ್ ಆರ್ಡರ್ ಆದ ದಿನಾಂಕ) ಬಳಸಿ. ಅದೇ ಆರ್ಡರನ್ನು ಎಷ್ಟು ಸಲ ಮರುಓಡಿಸಿದರೂ ಅದು ಬದಲಾಗದು.

ಕೊಪ್ಪಳದ ಸದಸ್ಯರು: ‘ಡಿಎಸ್‌ಎನ್=&ಸಿಸ್‌ಡೇಟ್’ ಎಂದಷ್ಟೇ ಬರೆದರೆ ಸಾಕೆಂದು ಒಂದು ಫಾರ್ವರ್ಡ್ ಬಂದಿದೆ.

ಮೇಡಂ: ಅದನ್ನು ಯಾರೂ ಬಳಸಬೇಡಿ, ಮುಂದಕ್ಕೂ ಕಳಿಸಬೇಡಿ. ಸಿಸ್‌ಡೇಟ್ ಸಿಲಿಸ್ಟ್‌ನ (ಮೇನ್‌ಫ್ರೇಮ್‌ನ ಬೇರೊಂದು ಕಮಾಂಡ್ ಭಾಷೆ) ವೇರಿಯೇಬಲ್. ಜೆಸಿಎಲ್‌ನಲ್ಲಿ ಬೆಲೆಯಿಲ್ಲದ ಅಂಥ ಹೆಸರನ್ನು ಒಂಟಿಯಾಗಿ ಕೊಟ್ಟರೆ ಅದು ತಾತ್ಕಾಲಿಕ ಡೇಟಾಸೆಟ್ (ಫೈಲ್) ಆಗುತ್ತದೆ. ಜಾಬ್ ಮುಗಿದೊಡನೆ ಅಳಿಸಿಹೋಗುತ್ತದೆ. ರಿಟರ್ನ್ ಕೋಡ್ ಸೊನ್ನೆ (ಎಂದರೆ ದೋಷವಿಲ್ಲ) ಬಂದಿರುತ್ತದೆ, ಫೈಲ್ ಮಾತ್ರ ಇರುವುದಿಲ್ಲ.

ಬಳ್ಳಾರಿಯ ಸದಸ್ಯರು: ಇಷ್ಟೆಲ್ಲ ಏಕೆ? ಒಂದೇ ಹೆಸರಿನಡಿ ಸರಣಿ ಸಂಖ್ಯೆಯೊಡನೆ ಫೈಲುಗಳನ್ನಿಡುವ ಜಿಡಿಜಿಯಲ್ಲಿ (+1), ಎಂದರೆ ಮುಂದಿನ ಸಂಖ್ಯೆ, ಕೊಟ್ಟರೆ ಮುಗಿಯಿತು.

ರಾಯಚೂರಿನ ಸದಸ್ಯರು: ಯಾವ ಜನರೇಷನ್ (ಸರಣಿಯ ಒಂದು ಫೈಲ್) ಯಾವ ದಿನದ್ದೆಂದು ಆಡಿಟ್‌ನವರಿಗೆ ಹೇಗೆ ತೋರಿಸುತ್ತೀರಿ? 255 ದಾಟಿದರೆ ಹಳೆಯದು ಉದುರುತ್ತದೆ.

ಬಳ್ಳಾರಿಯ ಸದಸ್ಯರು: ಎಕ್ಸ್‌ಟೆಂಡೆಡ್ ಜಿಡಿಜಿಯಲ್ಲಿ 999ರವರೆಗೆ ಇಡಬಹುದು. ಓದಿಕೊಂಡು ಬಂದು ವಾದಿಸಿ.

ರಾಯಚೂರಿನ ಸದಸ್ಯರು: ನೀವು ಒಮ್ಮೆ ಪ್ರೊಡಕ್ಷನ್ ಕಡೆಯ ರಾತ್ರಿ ಪಾಳಿ ಮಾಡಿ ಬನ್ನಿ, ಆಮೇಲೆ ಮಾತಾಡೋಣ.



ಸಿಂಧನೂರಿನ ಸದಸ್ಯರು: ಫೈಲಿನ ಹೆಸರಿನಲ್ಲಿ ದಿನಾಂಕ ಬರಲು ಏನು ಬರೆಯಬೇಕು?

ಮೇಡಂ: ಮೊದಲ ಉತ್ತರ ಓದಿ. ಜಿಡಿಜಿಯ ಜಗಳವನ್ನು ದಯವಿಟ್ಟು ಇಲ್ಲಿ ಬೆಳೆಸಬೇಡಿ.

ಗಂಗಾವತಿಯ ಸದಸ್ಯರು: ಮೇಡಂ, ‘ಎಲ್’ ಇರಲಿಲ್ಲ, ನೀವು ಹೇಳಿದಂತೆಯೇ ಇತ್ತು. ಆದರೆ ನಮ್ಮಲ್ಲಿ ಕಂಟ್ರೋಲ್-ಎಂ ಇಲ್ಲ.

ಮೇಡಂ: ಹಾಗಾದರೆ ಸಿಂಬಲ್‌ಗೆ ಬೆಲೆ ಕೊಡುವ ‘ಸೆಟ್’ ಸ್ಟೇಟ್‌ಮೆಂಟ್ ಇರುವ ಒಂದು ಮೆಂಬರ್‌ನಲ್ಲಿ (ಲೈಬ್ರರಿಯೊಳಗಿನ ಒಂದು ಫೈಲ್) ವ್ಯವಹಾರದ ದಿನಾಂಕವನ್ನಿಟ್ಟು, ಎಲ್ಲ ಜಾಬ್‌ಗಳಲ್ಲೂ ಅದನ್ನೇ ‘ಇನ್‌ಕ್ಲೂಡ್’ ಮಾಡಿ. ಆ ಮೆಂಬರನ್ನು ದಿನಾಂತ್ಯದ ಕೊನೆಯ ಜಾಬ್ ಮಾತ್ರ, ತಾನು ಸರಿಯಾಗಿ ಮುಗಿದ ಮೇಲಷ್ಟೇ ಬದಲಿಸಬೇಕು. ಬೇರೆ ಯಾರ ಐಡಿಗೂ ಅದರ ಮೇಲೆ ಅಪ್‌ಡೇಟ್ ಅಧಿಕಾರ ಇರಕೂಡದು.