ಎಸಿ15 ತಗೊಳ್ಳಲಾ, 50 ವ್ಯಾಟಿನ ಹೆಡ್ ತಗೊಳ್ಳಲಾ?

ಕೇಳಿದವರ ಪರಿಸ್ಥಿತಿ ಇಷ್ಟು: ಉಡುಪಿಯಲ್ಲಿ ಫ್ಲ್ಯಾಟ್. ತಿಂಗಳಿಗೆ ಒಂದೋ ಎರಡೋ ಕಾರ್ಯಕ್ರಮ, ಉಳಿದಂತೆ ಮನೆಯಲ್ಲೇ ಗಿಟಾರ್ ಅಭ್ಯಾಸ. ಬ್ರಿಟಿಷ್ ಶೈಲಿಯ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ನಡೆಯುವ ಗಿಟಾರ್ ಆಂಪ್ಲಿಫೈಯರ್) ಬೇಕು, ಸೆಕೆಂಡ್ ಹ್ಯಾಂಡ್ ಆದರೂ ಆದೀತು. ಎರಡು ಸಿಕ್ಕಿವೆ. ಓದು ಮುಗಿಸಿ ಮಣಿಪಾಲದಿಂದ ಹೊರಟಿರುವ ಹುಡುಗನ 15 ವ್ಯಾಟಿನ ವಾಕ್ಸ್ ಎಸಿ15 ಒಂದು. ಕಟಪಾಡಿಯಲ್ಲಿ ಗಲ್ಫ್‌ನಿಂದ ವಾಪಸಾದವರ 50 ವ್ಯಾಟಿನ ಮಾರ್ಷಲ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಮತ್ತು ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ಇನ್ನೊಂದು.

ನಾನಾದರೆ ಎಸಿ15 ತಗೊಳ್ಳುತ್ತೇನೆ. ಆದರೆ ಹಿಂಬದಿ ನೋಡದೆ, ಮುಕ್ಕಾಲು ಗಂಟೆಯಾದರೂ ನುಡಿಸದೆ ದುಡ್ಡು ಕೊಡುವುದಿಲ್ಲ. ನಮ್ಮ ಕಡೆ ಆಂಪ್ ನುಡಿಸಿ ಹಾಳಾಗುವುದು ಕಡಿಮೆ. ಸುಮ್ನೆ ಮೂಲೆಯಲ್ಲಿಟ್ಟು ಹಾಳಾಗುವುದೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಮೇಲಿಂದ ಸಮುದ್ರದ ಉಪ್ಪು ಗಾಳಿ. ಎರಡು ಮಳೆಗಾಲ ಮುಟ್ಟದೆ ಇಟ್ಟ ಆಂಪ್ ಹೊರಗಿನಿಂದ ಹೊಸದರ ಹಾಗೆ ಕಂಡರೂ ಒಳಗೆ ಬೇರೆಯೇ ಕತೆ ಇರುತ್ತದೆ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಕೆಲವು ವರ್ಷದ ಹಿಂದೆ ಮಂಗಳೂರಿನ ಬಿಜೈಯಲ್ಲಿ 50 ವ್ಯಾಟಿನ ಒಂದು ಹೆಡ್ ಕೊಂಡೆ. ಎರಡು ಇಎಲ್34 ಪವರ್ ಟ್ಯೂಬಿನದು, ಅಂದರೆ ಸ್ಪೀಕರಿಗೆ ಬಲ ಕೊಡುವ ದೊಡ್ಡ ಟ್ಯೂಬ್. ಮಾರಿದವರ ಮನೆಯಲ್ಲಿ ಹತ್ತು ನಿಮಿಷ ನುಡಿಸಿದೆ, ಶಬ್ದ ಕೇಳಿ ಮನಸ್ಸು ಸೋತಿತು. ಮನೆಗೆ ತಂದು ರಾತ್ರಿ ಹಚ್ಚಿದೆ. ಅರ್ಧ ಗಂಟೆಗೆ ಶಬ್ದ ಮಂಕಾಯಿತು. ಹಿಂದೆ ಬಗ್ಗಿ ನೋಡಿದರೆ ಬಲಗಡೆಯ ಟ್ಯೂಬಿನ ಒಳಗಿನ ಬೂದು ಬಣ್ಣದ ಲೋಹದ ತಗಡು ನಿಗಿನಿಗಿ ಕೆಂಡದ ಹಾಗೆ ಕೆಂಪಾಗಿತ್ತು. ಸ್ವಿಚ್ ಆರಿಸುವಷ್ಟರಲ್ಲಿ ಅರಗು ಸುಟ್ಟ ವಾಸನೆ.

ಕಾರಣ ಆಮೇಲೆ ಗೊತ್ತಾಯಿತು. ಸಾಕೆಟ್‌ನ 5ನೇ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಟ್ಯೂಬಿನೊಳಗಿನ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲ್ ಗ್ರಿಡ್ ಇಎಲ್34ನಲ್ಲಿ ಅದೇ ಪಿನ್ನಿನಲ್ಲಿರುವುದು. ಗ್ರಿಡ್‌ಗೆ ಹೋಗಬೇಕಾದ ಮೈನಸ್ ವೋಲ್ಟೇಜಿಗೆ ಬಯಸ್ ಅನ್ನುತ್ತೇವೆ. ಅದು ತಪ್ಪಿದರೆ ಟ್ಯೂಬಿಗೆ ಕಡಿವಾಣವೇ ಇಲ್ಲ, ಸಿಕ್ಕಷ್ಟು ಕರೆಂಟು ಎಳೆಯುತ್ತದೆ. ಅಷ್ಟಾದರೂ ಫ್ಯೂಸ್ ಹೋಗಬೇಕಿತ್ತು. ಹೋಗಲಿಲ್ಲ. ಯಾರೋ ಸುಟ್ಟ ಫ್ಯೂಸಿಗೆ ತಾಮ್ರದ ತಂತಿ ಸುತ್ತಿ ಇಟ್ಟಿದ್ದರು. ಕೊನೆಗೆ ಟ್ಯೂಬಿಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಗೆ ಒಯ್ದೆ, ಅವರು ಪಾಪ ಆಗುವುದಿಲ್ಲ ಅಂತ ಕೈಯಾಡಿಸಿದರು. ಆ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರೈಮರಿ, ಸೆಕೆಂಡರಿ ಸುತ್ತುಗಳನ್ನು ಒಂದರ ನಡುವೆ ಒಂದು ಪದರ ಪದರವಾಗಿ ಸುತ್ತಿರುತ್ತಾರೆ. ಆ ಲೆಕ್ಕ ತಪ್ಪಿದರೆ ಶಬ್ದವೇ ಬೇರೆ. ಹೊರಗಿನಿಂದ ಹೊಸದು ತರಿಸಬೇಕಾಯಿತು.

ಅದಕ್ಕೇ ಹೇಳುವುದು, ನೋಡಲು ಹೋಗುವಾಗ ಟಾರ್ಚ್ ಇರಲಿ. ಪ್ಲಗ್ ತೆಗೆಸಿ, ಫ್ಯೂಸ್ ಹೋಲ್ಡರ್ ತಿರುಗಿಸಿ ಫ್ಯೂಸ್ ಕೈಗೆ ತಗೊಳ್ಳಿ. ಹಿಂಬದಿಯಲ್ಲಿ ಬರೆದಿರುವ ಆಂಪಿಯರ್ ಮತ್ತು ಫ್ಯೂಸಿನ ಮೇಲಿರುವುದು ಒಂದೇ ಇರಬೇಕು. ಟ್ಯೂಬಿನ ಗಾಜಿನ ಒಳಗೆ ಕನ್ನಡಿಯ ಹಾಗೆ ಹೊಳೆಯುವ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದೆ, ನೋಡಿ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಒಳಗೆ ಹೋಗಿದೆ, ಆ ಟ್ಯೂಬ್ ಸತ್ತಿದೆ. ಟ್ರಾನ್ಸ್‌ಫಾರ್ಮರಿನ ಅಂಚಿನಲ್ಲಿ ಸ್ವಲ್ಪ ತುಕ್ಕು ಇದ್ದರೆ ಹೆದರಬೇಡಿ, ಕರಾವಳಿಯಲ್ಲಿ ಅದು ಮಾಮೂಲಿ. ಆದರೆ ಸಾಕೆಟ್, ಜ್ಯಾಕ್‌ಗಳಲ್ಲಿ ಹಸಿರೋ ಬಿಳಿಯೋ ಪುಡಿ ಕಂಡರೆ ಸರಿಯಾಗಿ ವಿಚಾರಿಸಿ. ಸ್ಪೀಕರಿನ ಕಾಗದಕ್ಕೆ ಬೂಷ್ಟು ಬಂದಿದೆಯಾ ನೋಡಿ. ಎರಡೂ ಕೈಯ ಬೆರಳುಗಳಿಂದ ಸಮನಾಗಿ, ಮೆತ್ತಗೆ ಒತ್ತಿ. ಒಳಗೆ ಪರ್ ಎಂದು ಉಜ್ಜಿದರೆ ಕಾಗದದ ಹಿಂದಿನ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸರಿ ಇಲ್ಲ.

ಒಂದು ಎಚ್ಚರ. ಹಿಂಬದಿ ನೋಡಿ ಎಂದೆ, ಒಳಗಿನ ಲೋಹದ ಚಾಸಿ ಬಿಚ್ಚಿ ಎಂದಿಲ್ಲ. ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300, 400 ವೋಲ್ಟ್ ಉಳಿದಿರಬಹುದು. ಅದು ಗೊತ್ತಿದ್ದವರ ಕೆಲಸ. ಹಾಗೆಯೇ ಸ್ಪೀಕರ್ ಜೋಡಿಸದೆ ಯಾವ ಟ್ಯೂಬ್ ಆಂಪನ್ನೂ ಚಾಲು ಮಾಡಬಾರದು. ಹೆಡ್ ಮಾತ್ರ ಪರೀಕ್ಷೆ ಮಾಡುತ್ತೇನೆಂದು ಹೋದ ನಮ್ಮ ಬ್ಯಾಂಡಿನ ಹುಡುಗನೊಬ್ಬ ಇದರಲ್ಲೇ ನಷ್ಟ ಮಾಡಿಕೊಂಡ.

ಇನ್ನು ನುಡಿಸಿ ನೋಡುವುದು. ಮೊದಲು ಗಿಟಾರ್ ಜೋಡಿಸದೆ ವಾಲ್ಯೂಮ್ ಏರಿಸಿ. ಸಣ್ಣ ಸುಯ್ ಶಬ್ದ ಸಹಜ. ಜೋರಾಗಿ ಗುಂಯ್‌ಗುಟ್ಟಿದರೆ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಮುದಿಯಾಗಿರಬಹುದು. ಎಲ್ಲ ನಾಬ್ ತಿರುಗಿಸಿ. ಪರಪರ ಎಂದರೆ ಹೆಚ್ಚಾಗಿ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಚಿಕ್ಕ ಟ್ಯೂಬ್‌ಗಳನ್ನು ಮರದ ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿ. ಒಂದು ಟ್ಯೂಬ್ ಗಂಟೆಯ ಹಾಗೆ ರಿಂಗಣಿಸಿದರೆ ಅದನ್ನು ಬದಲಿಸಬೇಕು, ದೊಡ್ಡ ಖರ್ಚಲ್ಲ. ಆಮೇಲೆ ನಿಮಗೆ ಇಷ್ಟವಾದದ್ದನ್ನೆಲ್ಲ ನುಡಿಸಿ. ಮುಕ್ಕಾಲು ಗಂಟೆ ಕಳೆದ ಮೇಲೆ ದೀಪ ಆರಿಸಿ ಹಿಂದೆ ನೋಡಿ. ಫಿಲಮೆಂಟಿನ ಕಿತ್ತಳೆ ಬೆಳಕು ಸರಿ, ಗಾಜಿನಲ್ಲಿ ತೆಳು ನೀಲಿ ಕಂಡರೂ ಸರಿ. ಲೋಹದ ತಗಡೇ ಕೆಂಪಾಗಿದ್ದರೆ ಅಲ್ಲಿಗೇ ಬಂದ್ ಮಾಡಿಸಿ.

ಗಲ್ಫ್ ಹೆಡ್ ಬಗ್ಗೆ ಜಾಸ್ತಿ ಹೆದರಿಕೆ ಬೇಡ. ದುಬೈಯಲ್ಲೂ ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಜ್. ಸೌದಿಯಲ್ಲಿ ಮೊದಲು 127 ವೋಲ್ಟ್ ಕೂಡ ಇತ್ತು, ಹಾಗಾಗಿ ವೋಲ್ಟೇಜ್ ಸೆಲೆಕ್ಟರ್ ಎಲ್ಲಿದೆ ನೋಡಿಕೊಳ್ಳಿ. ಅಮೆರಿಕದ 120 ವೋಲ್ಟಿನದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನನಗೆ ಹೆದರಿಕೆ ಇರುವುದು ಪ್ಲಗ್ ಬಗ್ಗೆ. ಅಲ್ಲಿನ ಚೌಕ ಕಡ್ಡಿಗಳ ಪ್ಲಗ್ ನಮ್ಮ ಗೋಡೆಗೆ ಹೊಂದುವುದಿಲ್ಲ ಅಂತ ಕತ್ತರಿಸಿ, ಎರಡು ಪಿನ್ನಿನದು ಹಾಕಿ, ಅರ್ತ್ ತಂತಿಯನ್ನು ಹಾಗೇ ಬಿಟ್ಟವರನ್ನು ನೋಡಿದ್ದೇನೆ. ಗಿಟಾರಿನ ತಂತಿ ಮುಟ್ಟಿದಾಗ ಬೆರಳು ಜುಮ್ಮೆಂದರೆ, ಮೈಕಿಗೆ ತುಟಿ ತಾಗಿದಾಗ ಚುರುಕ್ಕೆಂದರೆ ಅದನ್ನು ಮಾಮೂಲಿ ಅಂದುಕೊಳ್ಳಬೇಡಿ ಮಾರಾಯ್ರೆ, ಜೀವ ಹೋಗುವ ವಿಷಯ ಅದು. ಮೂರು ಪಿನ್ನಿನ ಪ್ಲಗ್, ಮನೆಯಲ್ಲಿ ಸರಿಯಾದ ಅರ್ತಿಂಗ್, ಇವೆರಡು ಇಲ್ಲದೆ ನುಡಿಸಲೇಬೇಡಿ.

ಹಾಗಾದರೆ ಮಾರ್ಷಲ್ ಯಾಕೆ ಬೇಡ? ಫ್ಲ್ಯಾಟ್‌ಗೆ ಅದು ಜೋರಾಯಿತು. ಹಾಗಂತ 15 ವ್ಯಾಟ್ ಸಣ್ಣದು ಅಂದುಕೊಳ್ಳಬೇಡಿ, ವ್ಯಾಟಿನ ಲೆಕ್ಕ ನಾವು ಅಂದುಕೊಂಡ ಹಾಗಿಲ್ಲ. 15 ವ್ಯಾಟಿಗೂ 50ಕ್ಕೂ ಇರುವ ವ್ಯತ್ಯಾಸ ಸುಮಾರು 5 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಅಂದರೆ 15 ವ್ಯಾಟ್ ಕೂಡ ನೆರೆಮನೆಯವರು ಬಾಗಿಲು ತಟ್ಟುವಷ್ಟು ಜೋರೇ. ಡ್ರಮ್ಸ್ ಜೊತೆ ಸಭಾಂಗಣದಲ್ಲಿ ನುಡಿಸಲು ಸಾಕು, ದೊಡ್ಡ ಮೈದಾನವಾದರೆ ಮೈಕ್ ಇಟ್ಟೇ ಇಡುತ್ತಾರೆ. ಮನೆಯಲ್ಲಿ ಮಾಸ್ಟರ್ ವಾಲ್ಯೂಮ್ ತಗ್ಗಿಸಿ ನುಡಿಸಬಹುದು.

ಶಬ್ದದಲ್ಲಿ ಎರಡೂ ಬ್ರಿಟಿಷ್, ಆದರೆ ಒಂದೇ ಅಲ್ಲ. ಎಸಿ15 ಎರಡು ಇಎಲ್84 ಟ್ಯೂಬಿನದು. ಒತ್ತಿ ಮೀಟಿದರೆ ಗೆಜ್ಜೆಯ ಹಾಗೆ ಮೇಲಿನ ಸ್ವರಗಳು ಹೊಳೆಯುತ್ತವೆ, ಮೆಲ್ಲಗೆ ಮೀಟಿದರೆ ತಾನಾಗಿ ತಿಳಿಯಾಗುತ್ತದೆ. ಇಎಲ್34ನ ಮಾರ್ಷಲ್ ನಡುಸ್ವರದಲ್ಲಿ ಗುಟುರು ಹಾಕುತ್ತದೆ. ಹಾರ್ಡ್ ರಾಕ್ ನಿಮ್ಮ ಜೀವ ಆದರೆ ಮಾತ್ರ ಆ ಹೆಡ್ ಬಗ್ಗೆ ಇನ್ನೊಮ್ಮೆ ಯೋಚಿಸಿ. (1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನ ಅಂಗಡಿಯಲ್ಲಿ ಜಿಮ್ ಮಾರ್ಷಲ್ ಅವರ ಕಡೆಯವರು ಮೊದಲ ಆಂಪ್ ಕಟ್ಟಿದ್ದು ಅಮೆರಿಕದ ಫೆಂಡರ್ ಬಾಸ್‌ಮನ್ ನೋಡಿಕೊಂಡು. ನನಗೆ ಇದು ಯಾವಾಗ ನೆನೆದರೂ ಖುಷಿ.)

ಎಸಿ15ಗೆ ಇನ್ನೊಂದು ಅನುಕೂಲ ಉಂಟು. ಅದು ಕ್ಯಾಥೋಡ್ ಬಯಸ್, ಅಂದರೆ ಬಯಸ್ ತನ್ನಷ್ಟಕ್ಕೇ ಹೊಂದಿಕೊಳ್ಳುತ್ತದೆ. ಪವರ್ ಟ್ಯೂಬ್ ಬದಲಿಸಿದಾಗ ಮ್ಯಾಚ್ ಆದ ಜೋಡಿ (ಒಂದಕ್ಕೊಂದು ಅಳತೆ ಹೊಂದುವ ಎರಡು ಟ್ಯೂಬ್) ಹಾಕಿದರೆ ಸಾಕು, ಬಯಸ್ ಹೊಂದಿಸುವ ಕೆಲಸ ಇಲ್ಲ. 50 ವ್ಯಾಟಿನ ಹೆಡ್‌ಗೆ ಪ್ರತಿ ಸಲ ಬಯಸ್ ನೋಡಿಸಬೇಕು. ಆ ಕೆಲಸ ಗೊತ್ತಿರುವವರು ನಮ್ಮ ಎರಡು ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನನಗೆ ಆಪದ್ಬಾಂಧವರಾದದ್ದು ವಾಲ್ವ್ ರೇಡಿಯೋ ಕಾಲದ ಒಬ್ಬ ಹಿರಿಯರು. ಗಿಟಾರ್ ಆಂಪ್ ಅವರು ನೋಡಿದ್ದೇ ಅದು ಮೊದಲು. ಸರ್ಕ್ಯೂಟ್ ಚಿತ್ರ ತೋರಿಸಿದ ಕೂಡಲೇ ಬೆರಳಿಟ್ಟು, ಇದು ನಮ್ಮ ಹಳೇ ರೇಡಿಯೋದ ಔಟ್‌ಪುಟ್ ಅಲ್ವಾ, ಒಂದರ ಬದಲು ಎರಡು ವಾಲ್ವ್ ಅಷ್ಟೇ, ಎಂದರು. ನಿಮ್ಮ ಊರಿನಲ್ಲೂ ಅಂಥವರು ಇರಬಹುದು, ವಿಚಾರಿಸಿ ಇಟ್ಟುಕೊಳ್ಳಿ.

ತಂದ ಮೇಲೆ ಮಳೆಗಾಲದಲ್ಲಿ ವಾರಕ್ಕೆರಡು ಸಲ ಒಂದೊಂದು ಗಂಟೆ ಹಚ್ಚಿ. ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ಹತ್ತಿ ಬಟ್ಟೆ ಸಾಕು. ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ಗುಡುಗು ಕೇಳಿದರೆ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್ಗೇ ಕಿತ್ತುಬಿಡಿ. ವೋಲ್ಟೇಜ್ ಏರಿಳಿತ ಇರುವ ಮನೆಯಾದರೆ ಸ್ಟೆಬಿಲೈಸರ್ ಹಾಕಿ: 230 ಇರಬೇಕಾದಲ್ಲಿ 250 ಬಂದರೆ ಟ್ಯೂಬಿನ 6.3 ವೋಲ್ಟಿನ ಹೀಟರ್‌ಗೆ 6.8ರ ಮೇಲೆ ಹೋಗುತ್ತದೆ, ಆಯುಸ್ಸು ಕಡಿಮೆಯಾಗುತ್ತದೆ.

ಮಣಿಪಾಲದ ಹುಡುಗನಿಗೆ ಇವತ್ತೇ ಫೋನ್ ಮಾಡಿ ಎರಡು ವಿಷಯ ಕೇಳಿ: ಕಳೆದ ಮಳೆಗಾಲದಲ್ಲಿ ಆಂಪ್ ಎಲ್ಲಿತ್ತು, ಟ್ಯೂಬ್ ಕೊನೆಗೆ ಬದಲಿಸಿದ್ದು ಯಾವಾಗ. ಹಾಸ್ಟೆಲಿನಲ್ಲಿ ದಿನಾ ನುಡಿಸುತ್ತಿದ್ದೆ ಎಂದರೆ ಒಳ್ಳೆಯದು. ಶನಿವಾರ ಮಧ್ಯಾಹ್ನ ಹೋಗುವುದಾದರೆ ಹೇಳಿ, ನಾನೂ ಬರುತ್ತೇನೆ. ನನ್ನ ಹತ್ತಿರ ಒಂದು ಜೋಡಿ ಒಳ್ಳೆ ಇಎಲ್84 ಉಂಟು, ಹಾಕಿ ಕೇಳಿದರೆ ಅವನ ಟ್ಯೂಬ್ ಎಷ್ಟು ಸವೆದಿದೆ ಅಂತ ಅಲ್ಲೇ ಗೊತ್ತಾಗುತ್ತದೆ.