ಮಗ ರಂಗಸ್ಥಳಕ್ಕೆ ಬಂದ ಕೂಡ್ಲೇ ಅಳು ತಡ್ಕೊಳ್ಳಕ್ಕಾಗ್ಲಿಲ್ಲ, ಈಗ ಅವನಿಗೆ ಏನಂತ ಹೇಳ್ಲಿ?

ಕಡಲಕರೆಯವ:

ನಮಸ್ಕಾರ ಎಲ್ರಿಗೂ. ನಮ್ದು ಕುಂದಾಪುರ ಹತ್ರ ಒಂದು ಹಳ್ಳಿ, ಈಗ 14 ವರ್ಷದಿಂದ ಬೆಂಗ್ಳೂರಲ್ಲಿದೀವಿ. ಮಗನಿಗೆ 11 ವರ್ಷ. ಎರಡು ವರ್ಷದಿಂದ ಭಾನುವಾರ ಭಾನುವಾರ ಯಕ್ಷಗಾನ ಕ್ಲಾಸಿಗೆ ಹೋಗ್ತಾನೆ, ಬಡಗುತಿಟ್ಟು, ಅಂದ್ರೆ ನಮ್ಮ ಕುಂದಾಪುರ ಕಡೆ ಶೈಲಿ. ಹೋದ ವಾರ ಅವರ ಕ್ಲಾಸಿನ ಮಕ್ಕಳದ್ದೇ ಆಟ (ಯಕ್ಷಗಾನ ಪ್ರದರ್ಶನ) ಇತ್ತು, ಅಭಿಮನ್ಯು ಕಾಳಗ, ಒಂದೂವರೆ ಗಂಟೆಗೆ ಇಳಿಸಿದ್ರು. ಇವನದ್ದೇ ಅಭಿಮನ್ಯು.

ನಾನು ಅಷ್ಟು ಸುಲಭಕ್ಕೆ ಅಳೋನಲ್ಲ. ಹೋದ ವರ್ಷ ಅಪ್ಪಯ್ಯ ತೀರಿಕೊಂಡಾಗ್ಲೂ ಎಲ್ಲಾ ಕೆಲಸ ನಾನೇ ನಿಂತು ಮಾಡಿಸಿದ್ದೆ, ಒಂದು ಹನಿ ನೀರು ಬಂದಿರ್ಲಿಲ್ಲ. ಆದ್ರೆ ಅವತ್ತು ಒಳಗಿಂದ ಗೆಜ್ಜೆ ಸದ್ದು ಕೇಳ್ತು, ಚೆಂಡೆ ಏರ್ತು, ತಲೆಗೆ ಕೇದಗೆ ಮುಂದಲೆ ಕಟ್ಕೊಂಡು ಕಸೆ ಸೀರೆ ಉಟ್ಕೊಂಡು ಇವ್ನು ಹೊರಗೆ ಬಂದ ನೋಡಿ, ನನಗೆ ಅದು ನನ್ನ ಮಗ ಅಂತಾನೇ ಅನ್ಸ್ಲಿಲ್ಲ. ಸಣ್ಣವನಿದ್ದಾಗ ಅಪ್ಪಯ್ಯ ನನ್ನ ಆಟಕ್ಕೆ ಕರ್ಕೊಂಡು ಹೋಗ್ತಿದ್ರು, ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನ ತನಕ, ನಿದ್ದೆ ಬಂದ್ರೆ ಅವರ ತೊಡೆ ಮೇಲೆ. ನನಗೂ ಕಲೀಬೇಕು ಅಂತ ತುಂಬಾ ಆಸೆ ಇತ್ತು, ಮನೆ ಪರಿಸ್ಥಿತಿಯಲ್ಲಿ ಆಗ್ಲಿಲ್ಲ.

ಸುಭದ್ರೆ ಹತ್ರ ಅಪ್ಪಣೆ ಕೇಳೋ ಜಾಗ ಬಂತು. ಅವಳು ಹೋಗ್ಬೇಡ ಅಂತಾಳೆ, ಇವ್ನು ಬಿಡಲ್ಲ. ಮನೇಲಿ ದೋಸೆ ತಿಂತಾ ತಿಂತಾ ಗೊಣಗ್ತಿದ್ದ ಮಾತುಗಳೇ ಅವು, ಅಲ್ಲಿ ಇಡೀ ಸಭೆಗೆ ಕೇಳೋ ಹಾಗೆ ಹೇಳ್ದ. ನನಗೆ ಬಿಕ್ಕಿ ಬಿಕ್ಕಿ ಅಳು ಬಂದ್ಬಿಡ್ತು. ಮೊದಲನೇ ಸಾಲಲ್ಲೇ ಕೂತಿದ್ದೆ. ಅವನು ನೋಡ್ದ. ಒಂದು ಹೆಜ್ಜೆ ತಪ್ತು, ಹಾಡ್ತಿದ್ದ ಭಾಗವತರು ತಾಳ ಸ್ವಲ್ಪ ಎತ್ತಿ ಹಿಡಿದ್ರು, ಮತ್ತೆ ಸೇರ್ಕೊಂಡ.

ವಾಪಸ್ ಬರ್ತಾ ಕಾರಲ್ಲಿ, ಕೊಬ್ರಿ ಎಣ್ಣೆ ಹಚ್ಚಿ ಅರ್ಧ ಬಣ್ಣ ತೆಗೆದ ಮುಖದಲ್ಲಿ ಕಿಟಕಿ ಕಡೆ ನೋಡ್ತಾ ಕೇಳ್ದ, "ಅಪ್ಪ, ನಾನು ಎಲ್ಲಿ ತಪ್ಪು ಮಾಡ್ದೆ?" ಇಲ್ಲ ಮಗಾ ಚೆನ್ನಾಗಿ ಮಾಡ್ದೆ ಅಂದೆ. ಅವ್ನು ನಂಬ್ಲಿಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ. ವಾರ ಆಯ್ತು, ಇನ್ನೂ ಆ ಮಾತು ತಲೆಯಿಂದ ಹೋಗಿಲ್ಲ. ಇನ್ನೊಂದು ಆಟ ನಮ್ಮೂರಲ್ಲೇ ಇದೆ, ಜಾತ್ರೆ ಸಮಯದಲ್ಲಿ. ಅವನಿಗೆ ಏನು ಹೇಳ್ಲಿ, ಮತ್ತೆ ನಾನು ಎದುರಿಗೆ ಕೂರ್ಲೋ ಬೇಡ್ವೋ?

ಹೆಜ್ಜೆಗಾರ:

ನಾನು ಕೋಟ ಕಡೆಯವ, ಶಾಲೆ ಮಕ್ಕಳಿಗೆ ಹೆಜ್ಜೆ ಹೇಳಿಕೊಡ್ತೇನೆ, ಸುಮಾರು ವರ್ಷ ಆಯ್ತು. ನಿಮ್ಮ ಹಾಗೆ ಅಳುವ ಅಪ್ಪಂದಿರನ್ನ ಪ್ರತಿ ಆಟದಲ್ಲೂ ನೋಡ್ತೇನೆ ಮರಾಯ್ರೆ, ಅಮ್ಮಂದಿರಿಗಿಂತ ಅಪ್ಪಂದಿರೇ ಜಾಸ್ತಿ. ಅದರಲ್ಲಿ ನಾಚುವಂಥದ್ದು ಎಂತದ್ದೂ ಇಲ್ಲ.

ಆದ್ರೆ ಮಕ್ಕಳ ಕಡೆಯಿಂದ ಒಂದು ವಿಷಯ ಹೇಳ್ತೇನೆ. ಲೈಟ್ ಮುಖಕ್ಕೆ ಹೊಡೀತಾ ಇರುವಾಗ ರಂಗಸ್ಥಳದಿಂದ ಕಾಣೋದು ಮೊದಲ ಎರಡು ಸಾಲು ಮಾತ್ರ, ಆಚೆ ಎಲ್ಲಾ ಕತ್ತಲೆ. ದೊಡ್ಡ ಕಲಾವಿದರಿಗೆ ಎದುರಿಗೆ ಯಾರು ಕೂತ್ರೂ ನಡೀತದೆ, ಈ ಪ್ರಾಯದ ಮಕ್ಕಳ ಕಣ್ಣು ಅಪ್ಪ ಅಮ್ಮ ಎಲ್ಲಿದ್ದಾರೆ ಅಂತಲೇ ಹುಡುಕ್ತದೆ. ನೀವು ನಕ್ಕರೆ ನಗು ಬರ್ತದೆ, ನೀವು ಮೊಬೈಲ್ ಎತ್ತಿದ್ರೆ ಅದರ ಕಡೆ ತಿರುಗ್ತಾರೆ, ನೀವು ಅತ್ರೆ ತಾಳ ಹೋಗ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳೋದು, ಮೂರನೇ ಸಾಲಿನಿಂದ ಹಿಂದೆ ಕೂತ್ಕೊಳ್ಳಿ, ಮನಸ್ಸು ಬಿಟ್ಟು ಅಳಿ, ಯಾರು ಬೇಡ ಅಂತಾರೆ.

ಇನ್ನೊಂದು, ಗೆಜ್ಜೆ ಕಟ್ಟಿದ ಮೇಲೆ ಚೌಕಿಗೆ, ಅಂದ್ರೆ ಬಣ್ಣ ಹಚ್ಚುವ ಜಾಗಕ್ಕೆ ಬರಬೇಡಿ. ಮುಂದಲೆ ಬಿಗಿ ಕಟ್ಟಿರ್ತೇವೆ, ತಲೆ ನೋಯ್ತಿರ್ತದೆ, ಹೆದರಿಕೆ ಇರ್ತದೆ, ಆದ್ರೂ ಮಕ್ಕಳು ತಡ್ಕೊಂಡು ಕೂತಿರ್ತಾರೆ. ಅಮ್ಮನ ಮುಖ ಕಂಡ ಕೂಡ್ಲೇ ಅಳು ಶುರು, ಬಣ್ಣ ಎಲ್ಲಾ ಹಾಳು, ಮತ್ತೆ ಮೊದಲಿಂದ ಮುಖ ಬರೀಬೇಕು.

ಮಗನಿಗೆ ಹೇಳೋದಾದ್ರೆ "ಚೆನ್ನಾಗಿ ಮಾಡ್ದೆ" ಅಂತ ಮಾತ್ರ ಹೇಳಬೇಡಿ, ಅದನ್ನ ಎಲ್ಲರೂ ಎಲ್ಲರಿಗೂ ಹೇಳ್ತಾರೆ ಅಂತ ಆ ಪ್ರಾಯಕ್ಕೇ ಗೊತ್ತಿರ್ತದೆ. ಯಾವ ಹೆಜ್ಜೆ, ಯಾವ ಮಾತು ನಿಮಗೆ ಹಿಡಿಸ್ತು ಅಂತ ಹೆಸರಿಟ್ಟು ಹೇಳಿ. ಮತ್ತೆ ತಪ್ಪಿದ ಹೆಜ್ಜೆ ತಾನೇ ಹಿಡ್ಕೊಂಡು ತಾಳಕ್ಕೆ ಸೇರಿದ್ದಾನಲ್ಲ, ಎರಡು ವರ್ಷದ ಕಲಿಕೆಗೆ ಅದು ಸಣ್ಣದಲ್ಲ. ಅದನ್ನ ಖಂಡಿತ ಹೇಳಿ.

ನಮ್ಮ ಕಡೆ ಮಕ್ಕಳ ಆಟಕ್ಕೆ ಒಂದು ದಾರಿಯೇ ಇದೆ. ಹಿಂದೆ ಮೇಳದಲ್ಲಿ ಸಣ್ಣ ಹುಡುಗರು ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ ವೇಷ, ಹಾಗೆ ಕಥೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲೇ ಕುಣಿದು ಕುಣಿದು ಹೆದರಿಕೆ ಬಿಡ್ತಿದ್ರು. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು, ಶ್ರೀಧರ ಹಂದೆಯವರು ಸೇರಿ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದ ಮೇಲೆ ಮಕ್ಕಳೇ ಇಡೀ ಪ್ರಸಂಗ ಆಡಬಹುದು ಅಂತ ಜನ ಕಣ್ಣಾರೆ ನೋಡಿದ್ರು. ನಿಮ್ಮ ಮಾಣಿಗೆ ಎರಡೇ ವರ್ಷಕ್ಕೆ ಅಭಿಮನ್ಯು ಸಿಕ್ಕಿದೆ ಅಂದ್ರೆ ಗುರುಗಳು ಏನೋ ಕಂಡೇ ಕೊಟ್ಟಿರ್ತಾರೆ.

ತುಂಗೆ_ತೀರ:

ಶಿವಮೊಗ್ಗದಿಂದ. ನನ್ನ ಮಗಳಿಗೆ ಉಗ್ಗು ಇದೆ. ಕ್ಲಾಸಲ್ಲಿ ಹಾಜರಿ ಹೇಳೋಕೂ ಕಷ್ಟ ಪಡ್ತಾಳೆ. ರಾಜ್ಯೋತ್ಸವಕ್ಕೆ ಸಮೂಹಗಾನದಲ್ಲಿ ಸೇರಿಸ್ಕೊಂಡ್ರು, ಎರಡನೇ ಸಾಲಲ್ಲಿ ಕೊನೇಲಿ ನಿಂತಿದ್ಲು, ಬೇರೆ ಯಾರಿಗೂ ಅವಳು ಕಂಡಿರೋದು ಕೂಡ ಡೌಟು. ಉಗ್ಗು ಇರೋರು ಹಾಡುವಾಗ, ಎಲ್ಲರ ಜೊತೆ ಒಟ್ಟಿಗೆ ಹೇಳುವಾಗ ಸಾಮಾನ್ಯವಾಗಿ ತಡವರಿಸಲ್ಲ ಅಂತ ಥೆರಪಿಸ್ಟ್ ಮೊದಲೇ ಹೇಳಿದ್ರು, ಗೊತ್ತಿತ್ತು, ಆದ್ರೂ ಅವಳ ತುಟಿ ಒಂದು ಕಡೇನೂ ನಿಲ್ಲದೆ ಓಡ್ತಾ ಇರೋದು ನೋಡಿ ನನಗೆ ಕಾಲು ನಡುಗ್ತು. ಪಕ್ಕದವರು ನಿಮ್ಮ ಮಗಳಿಗೆ ಪ್ರೈಜ್ ಬಂತಾ ಅಂತ ಕೇಳಿದ್ರು. ಏನು ಹೇಳೋದು ಅವರಿಗೆ. ಹೊರಗಿನವರಿಗೆ ಆಟ ಮಾತ್ರ ಕಾಣುತ್ತೆ, ಅದರ ಹಿಂದಿನ ವರ್ಷಗಳು ನಮಗೆ ಮಾತ್ರ ಕಾಣೋದು ಸರ್.

ಗೆಜ್ಜೆ_ಪೂಜೆ_ಅಮ್ಮ:

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಮಗಳು ಒಂಬತ್ತು ವರ್ಷ ಭರತನಾಟ್ಯ ಕಲಿತ್ಲು. ರಂಗಪ್ರವೇಶಕ್ಕೆ, ಅಂದ್ರೆ ಅವಳೊಬ್ಬಳದ್ದೇ ಮೊದಲ ಪೂರ್ತಿ ಕಾರ್ಯಕ್ರಮಕ್ಕೆ, ಹಾಲ್, ಪಕ್ಕವಾದ್ಯದವರು, ಕಾಸ್ಟ್ಯೂಮು, ಬಂದವರಿಗೆ ಊಟ ಅಂತ ಸಾಲ ಮಾಡಿದ್ವಿ. ತಿಲ್ಲಾನ ಮುಗಿದು ಮಂಗಳ ಶುರುವಾದಾಗ ನಾನು ಅತ್ತಿದ್ದು ನೋಡಿ ಎಲ್ಲರೂ ತಾಯಿ ಹೃದಯ ಅಂದ್ರು. ಆಮೇಲೆ ಆರೇ ತಿಂಗಳಿಗೆ ಮಗಳು ಡಾನ್ಸ್ ಬಿಟ್ಲು. ಯಾಕೆ ಅಂತ ತುಂಬಾ ಸಲ ಕೇಳಿದ್ಮೇಲೆ ಹೇಳಿದ್ಲು, ಅಮ್ಮ ನೀನು ಅತ್ತಾಗ ನನಗೆ ಇದು ನಿನ್ನ ಆಸೆ, ನನ್ನದಲ್ಲ ಅಂತ ಗೊತ್ತಾಯ್ತು ಅಂತ. ಸತ್ಯಾನೇ, ನನಗೆ ಚಿಕ್ಕವಳಿದ್ದಾಗ ಕಲಿಯೋಕೆ ಬಿಟ್ಟಿರ್ಲಿಲ್ಲ.

ನೀವೂ ಕಲೀಬೇಕು ಅಂತ ಆಸೆ ಇತ್ತು ಅಂತ ಬರ್ದಿದೀರಲ್ಲ, ಅದಕ್ಕೇ ಹೇಳ್ತಿದೀನಿ. ಆ ಆಸೆ ನಿಮ್ಮದು, ಅವನ ಕುಣಿತ ಅವನದ್ದು ಅಂತ ಅವನಿಗೆ ಬಿಡಿಸಿ ಹೇಳಿ. ನಾಳೆ ಬಿಡ್ತೀನಿ ಅಂದ್ರೂ ಪರವಾಗಿಲ್ಲ ಅಂತ ಈಗ್ಲೇ ಹೇಳಿ. ನಾನು ಹೇಳ್ಲಿಲ್ಲ.

ಹಳೇ_ದ್ರೌಪದಿ:

ಇದಕ್ಕೆ ಮಗನ ಕಡೆಯಿಂದ ಉತ್ತರ ಕೊಡ್ತೀನಿ. ನಾನು ಪಿಯುಸಿಯಲ್ಲಿ ಕಾಲೇಜು ನಾಟಕದಲ್ಲಿ ದ್ರೌಪದಿ ಪಾತ್ರ ಮಾಡಿದ್ದೆ, ಬಾಯ್ಸ್ ಕಾಲೇಜು, ಹುಡುಗರೇ ಮಾಡ್ಬೇಕಿತ್ತು. ನಮ್ಮಪ್ಪ ಬಸ್ ಡ್ರೈವರು, ಡ್ಯೂಟಿ ಮುಗಿಸಿ ಯೂನಿಫಾರ್ಮಲ್ಲೇ ಬಂದು ಹಿಂದೆ ಬಾಗಿಲ ಹತ್ರ ನಿಂತಿದ್ರು. ನಾನು ಸಭೇಲಿ ನಿಂತು ಪ್ರಶ್ನೆ ಕೇಳೋ ದೃಶ್ಯ ನಡೀತಿದ್ದಾಗ ಹೊರಗೆ ಹೋಗಿಬಿಟ್ರು, ನನಗೆ ಸ್ಟೇಜಿಂದ ಕಾಣ್ತು. ಮಗ ಸೀರೆ ಉಟ್ಕೊಂಡಿದ್ದಕ್ಕೆ ಅವಮಾನ ಆಯ್ತು ಅಂತ ನಾನು ತಿಳ್ಕೊಂಡೆ. ಮನೆಗೆ ಬಂದ್ರೂ ಒಂದು ಮಾತಾಡ್ಲಿಲ್ಲ. ಅವತ್ತಿಂದ ನಾನು ಸ್ಟೇಜ್ ಹತ್ಲಿಲ್ಲ.

ಹದಿನಾರು ವರ್ಷ ಆದ್ಮೇಲೆ, ನನ್ನ ಮಗಳ ಸ್ಕೂಲ್ ಡೇ ದಿನ, ಅಮ್ಮ ಮಾತಿಗೆ ಹೇಳಿದ್ರು, ನಿಮ್ಮಪ್ಪ ಅವತ್ತು ಹೊರಗೆ ಸೈಕಲ್ ಸ್ಟ್ಯಾಂಡ್ ಹತ್ರ ನಿಂತು ಅತ್ರಂತೆ ಕಣೋ, ಜನ ನೋಡ್ತಾರೆ ಅಂತ ಆಚೆ ಹೋದ್ರಂತೆ ಅಂತ. ನನಗೆ ತಕ್ಷಣ ಏನೂ ಮಾತಾಡಕ್ಕಾಗ್ಲಿಲ್ಲ. ಅಪ್ಪನ್ನ ಕೇಳಿದ್ರೆ, "ನೀನು ಅಷ್ಟು ಚೆನ್ನಾಗಿ ಮಾಡ್ತೀಯ ಅಂತ ನನಗೆ ಗೊತ್ತಿರ್ಲಿಲ್ಲ ಮಗಾ" ಅಂದ್ರು. ಆ ಒಂದು ವಾಕ್ಯ ಅವತ್ತು ರಾತ್ರಿ ಸಿಕ್ಕಿದ್ರೆ ಏನೇನು ಆಗ್ತಿತ್ತೋ.

ಅಣ್ಣ, ನಿಮ್ಮ ಮಗ ಬಾಯಿ ಬಿಟ್ಟು ಕೇಳಿದಾನೆ. ನಾನು ಕೇಳೋಕೆ ಹೆದರಿದ್ದೆ. ವಾರ ಆಯ್ತು ಅಂತೀರ, ಇನ್ನೊಂದು ದಿನಾನೂ ಬಿಡಬೇಡಿ, ಇವತ್ತೇ ಹೇಳಿ.

ಓದುವ_ಹುಚ್ಚು:

ಒಂದು ಚಿಕ್ಕ ವಿಷಯ ಸೇರಿಸ್ತೀನಿ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವ ಹೇಳ್ತಾರಲ್ಲ, ಮನಸ್ಸಿನ ಭಾವ ತಾನಾಗೇ ಮೈಮೇಲೆ ಕಾಣೋದು, ಸ್ತಂಭ, ಸ್ವೇದ, ರೋಮಾಂಚ ಅಂತ, ಅದರಲ್ಲಿ ಅಶ್ರು, ಅಂದ್ರೆ ಕಣ್ಣೀರೂ ಒಂದು. ಅದು ದುಃಖಕ್ಕೆ ಮಾತ್ರ ಅಂತ ಇಲ್ಲ, ಆನಂದಕ್ಕೂ ಬರುತ್ತೆ. 2015ರಲ್ಲಿ ಯೇಲ್ ಯೂನಿವರ್ಸಿಟಿಯ ಓರಿಯಾನಾ ಅರಗಾನ್ ಮತ್ತು ಜೊತೆಯವರು ಇದರ ಬಗ್ಗೆನೇ ಒಂದು ಸಂಶೋಧನೆ ಪ್ರಕಟಿಸಿದ್ರು, ಸಂತೋಷ ತಡ್ಕೊಳ್ಳಕ್ಕಾಗದಷ್ಟು ಉಕ್ಕಿದಾಗ ಅಳು ಬರೋದು ಮನಸ್ಸು ಮತ್ತೆ ಸಮಕ್ಕೆ ಬರೋಕೆ ಸಹಾಯ ಮಾಡುತ್ತೆ ಅನ್ನೋ ಅರ್ಥದಲ್ಲಿ. ಹುಡುಗನಿಗೆ 11 ವರ್ಷ ಅಲ್ವಾ, ಸಾತ್ವಿಕ ಭಾವ ಅಂತ ಅವನ ಕ್ಲಾಸಲ್ಲೂ ಕೇಳಿರಬಹುದು, ಹಾಗೆ ಹೇಳಿದ್ರೆ ಬೇಗ ಅರ್ಥ ಮಾಡ್ಕೋತಾನೆ.

ಕಡಲಕರೆಯವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ_ದ್ರೌಪದಿಯವರು ಬರ್ದಿದ್ದು ಓದಿ ರಾತ್ರಿನೇ ಹೋಗಿ ಅವನ ಹಾಸಿಗೆ ಹತ್ರ ಕೂತೆ. ಸುಭದ್ರೆ ಹತ್ರ ಮಾತಾಡಿದ್ದು ಕೇಳಿ ನನಗೆ ಸಂತೋಷಕ್ಕೇ ಅಳು ಬಂತು, ತಪ್ಪಿದ ಹೆಜ್ಜೆಗೆ ಕಾರಣ ನಾನು, ಅದನ್ನ ಹಿಡ್ಕೊಂಡಿದ್ದು ನೀನು ಅಂದೆ. ನನಗೂ ಕಲೀಬೇಕಿತ್ತು ಅಂತ ಹೇಳ್ದೆ, ಆದ್ರೆ ನೀನು ನನಗೋಸ್ಕರ ಕುಣೀಬೇಕಾಗಿಲ್ಲ, ಬೇಡ ಅನ್ಸಿದ ದಿನ ಬಿಡು ಅಂತಾನೂ ಹೇಳ್ದೆ. ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ "ಬಿಡಲ್ಲ, ಮುಂದಿನ ಸಲ ಬಭ್ರುವಾಹನ ಕೊಡ್ತೀನಿ ಅಂದಿದ್ದಾರೆ" ಅಂದ. ಮತ್ತೆ ಅಜ್ಜನಿಗೆ ಯಾವ ಪ್ರಸಂಗ ಇಷ್ಟ ಇತ್ತು ಅಂತ ಕೇಳ್ದ. ಅಪ್ಪಯ್ಯನ ಬಗ್ಗೆ ಹೇಳ್ತಾ ಹೇಳ್ತಾ ಹನ್ನೊಂದೂವರೆ ಆಯ್ತು, ಅವತ್ತು ಬರದೇ ಇದ್ದ ಅಳು ನನಗೆ ಆಗ ಬಂತು. ಈ ಸಲ ಅವ್ನು ಹೆದರ್ಲಿಲ್ಲ, ಹೊದ್ದಿದ್ದ ಬೆಡ್‌ಶೀಟಿನ ತುದಿ ನನ್ನ ಕೈಗೆ ಕೊಟ್ಟ.

ಊರಿನ ಆಟಕ್ಕೆ ಅಮ್ಮನ್ನೂ ಕರ್ಕೊಂಡು ಹೋಗ್ತೀನಿ. ನಾಲ್ಕನೇ ಸಾಲು ಅಂತ ಅವನೇ ಹೇಳಿದಾನೆ.