ಸಹಾಯ ಬೇಕು: 1895ರ ಹೇಸ್ಟಿಂಗ್ಸ್ ಚೆಸ್ ಪುಸ್ತಕ, ಅಸಲಿಯೋ ಮರುಮುದ್ರಣವೋ?

ಹಳೇ ಚೆಸ್ ಟೂರ್ನಿ ಪುಸ್ತಕಗಳ ಹುಚ್ಚು ಇರುವವರು ಇಲ್ಲಿ ಯಾರಾದರೂ ಇದ್ದೀರಾ? 1895ರ ಹೇಸ್ಟಿಂಗ್ಸ್ ಟೂರ್ನಿ, ಅದೇ 22 ಜನ ಆಡಿ, ಲಾಸ್ಕರ್, ಚಿಗೋರಿನ್, ಟಾರಾಶ್ ಎಲ್ಲರನ್ನೂ ಹಿಂದೆ ಹಾಕಿ 22 ವರ್ಷದ ಹುಡುಗ ಪಿಲ್ಸ್‌ಬರಿ ಗೆದ್ದಿದ್ದು, ಅದರ ಪುಸ್ತಕ ಒಬ್ಬ ಮಾರಾಟಗಾರರ ಹತ್ತಿರ ಇದೆಯಂತೆ. 1896ರ ಮೊದಲ ಮುದ್ರಣ ಅಂತ ಬೆಲೆ ಸಿಕ್ಕಾಪಟ್ಟೆ ಹೇಳುತ್ತಿದ್ದಾರೆ. ಫೋಟೋದಲ್ಲಿ ರಟ್ಟು ಮಾತ್ರ, ಒಳಪುಟ ಕೇಳಿದರೆ ಉತ್ತರವೇ ಇಲ್ಲ. ಹೋದ ವರ್ಷ ನ್ಯೂಯಾರ್ಕ್ 1924ರ ಟೂರ್ನಿ ಪುಸ್ತಕ ಹೀಗೇ ಸುಮ್ನೆ ನಂಬಿ ತಗೊಂಡೆ, ಬಂದಿದ್ದು ಪೇಪರ್‌ಬ್ಯಾಕ್ ಮರುಮುದ್ರಣ! ಓದೋಕೆ ಅದೇ ಸಾಕು, ಆಟಗಳಿಗೆ ಚೆಸ್ ಆಟಗಾರ ಅಲೆಖಿನ್ ಬರೆದ ಟಿಪ್ಪಣಿ ಏನೂ ಬದಲಾಗಲ್ಲ, ಆದರೂ ಕೊಟ್ಟ ದುಡ್ಡು ಜಾಸ್ತಿ ಅಲ್ವಾ. ಅಸಲಿ ಪ್ರತಿ ಕೈಯಲ್ಲಿ ಹಿಡಿದವರು ಹೇಳಿ, ಯಾವ ಪುಟದ ಫೋಟೋ ಕೇಳಲಿ? ರಟ್ಟು ಹೊಸದಾಗಿ ಕಟ್ಟಿಸಿದ್ದರೆ ಬೆಲೆ ಎಷ್ಟು ಇಳಿಸಬಹುದು? ಶನಿವಾರದೊಳಗೆ ಅವರಿಗೆ ಹೂಂ ಅಥವಾ ಉಹೂಂ ಹೇಳಬೇಕು.